ಮಳೆ ಲೆಕ್ಕದವರಿಗೆ ಇಮೇಲ್ ಗುಂಪೋ, ಫೋರಮ್ಮೋ? ಎರಡನ್ನೂ ಬಳಸಿ ನೋಡಿದ ಮೇಲೆ

ಬೆಳಿಗ್ಗೆ ಎಂಟೂವರೆಗೆ ನಮ್ಮ ಬಳಗದವರೆಲ್ಲ ಒಂದೇ ಕೆಲಸದಲ್ಲಿರುತ್ತಾರೆ. ಕೊಡೆ ಹಿಡಿದು ಅಂಗಳಕ್ಕಿಳಿದು, ಮಳೆ ಮಾಪಕದ ನೀರನ್ನು ಅಳತೆ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದುತ್ತಾರೆ. ಹವಾಮಾನ ಇಲಾಖೆಯವರು ಓದುವ ಹೊತ್ತೂ ಅದೇ, ಹಾಗಾಗಿ ನಾವೂ ಅದನ್ನೇ ಹಿಡಿದುಕೊಂಡಿದ್ದೇವೆ. ಆಮೇಲೆ ಡೈರಿಯಲ್ಲಿ ಒಂದು ಸಾಲು. ಕೊಡಗಿನ ತೋಟದ ಮನೆಗಳಲ್ಲಿ ಈ ಅಭ್ಯಾಸ ಬಹಳ ಹಳೆಯದು. ಇಲ್ಲಿ ಇವತ್ತಿಗೂ ಮಳೆಯನ್ನು ಇಂಚು ಮತ್ತು ಸೆಂಟ್ಸ್‌ನಲ್ಲೇ ಹೇಳುವುದು. "ನಿಮ್ಮಲ್ಲಿ ಎಷ್ಟು?" ಅಂದರೆ "ಎರಡು ನಲವತ್ತು" ಅನ್ನುತ್ತಾರೆ. ಎರಡು ಇಂಚು ನಲವತ್ತು ಸೆಂಟ್ಸ್ (ಒಂದು ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು), ಅಂದರೆ 61 ಮಿಲಿಮೀಟರ್.

ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ತೋಟ. ಮಳೆ ಲೆಕ್ಕ ಇಡುವ ನಾವು ಕೆಲವರು 2011ರಲ್ಲಿ ಒಂದು ಇಮೇಲ್ ಗುಂಪು ಮಾಡಿಕೊಂಡೆವು. ಎಲ್ಲರಿಗೂ ಸೇರಿ ಒಂದೇ ವಿಳಾಸ. ಅಲ್ಲಿಗೆ ಒಬ್ಬರು ಬರೆದರೆ ಎಲ್ಲರಿಗೂ ಹೋಗುತ್ತದೆ. 2017ರಲ್ಲಿ ಫೋರಂ ಕೂಡ ಶುರು ಮಾಡಿದೆವು. ಅಲ್ಲಿ ವಿಷಯಕ್ಕೊಂದು ಎಳೆ (ಥ್ರೆಡ್), ಬೇಕಾದವರು ಹೋಗಿ ಓದಿ ಉತ್ತರ ಬರೆಯಬೇಕು. ಎರಡರ ನಿರ್ವಹಣೆಯೂ ನನ್ನ ತಲೆಯ ಮೇಲೇ ಇತ್ತು. ಪಕ್ಷಿ ನೋಡುವವರು, ಆರ್ಕಿಡ್ ಬೆಳೆಸುವವರು, ಹಳೆ ನಾಣ್ಯ ಸೇರಿಸುವವರು ತಮ್ಮ ಬಳಗಕ್ಕೆ ಯಾವುದು ಸರಿ ಅಂತ ಆಗಾಗ ಕೇಳುತ್ತಿರುತ್ತಾರೆ. ಅವರಿಗಾಗಿ ನಮ್ಮ ಅನುಭವ ಬರೆಯುತ್ತಿದ್ದೇನೆ.

ಇಮೇಲ್ ಗುಂಪು ಅನ್ನುವುದು ಹೊಸದೇನಲ್ಲ. ಇಂಥ ಗುಂಪುಗಳನ್ನು ನಡೆಸುವ ಲಿಸ್ಟ್‌ಸರ್ವ್ ಎಂಬ ತಂತ್ರಾಂಶ 1986ರಲ್ಲೇ ಬಂದಿತ್ತು. ಫೋರಂಗಳ ಕಡೆ ನೋಡಿದರೆ ಪಿಎಚ್‌ಪಿಬಿಬಿ 2000ದಲ್ಲಿ, ಡಿಸ್ಕೋರ್ಸ್ 2013ರಲ್ಲಿ ಬಂದವು. ಎರಡರಲ್ಲೂ ಉಚಿತವಾಗಿ ಸಿಗುವ ತಂತ್ರಾಂಶಗಳಿವೆ, ನಡೆಸಲು ಇಂಜಿನಿಯರೇ ಆಗಬೇಕಿಲ್ಲ. ತಂತ್ರಾಂಶ ಆರಿಸುವುದು ನನಗೆ ಯಾವತ್ತೂ ಕಷ್ಟವಾಗಲಿಲ್ಲ. ಜನ ಎಲ್ಲಿಗೆ ಬರುತ್ತಾರೆ ಅನ್ನುವುದೇ ನನ್ನ ದೊಡ್ಡ ಚಿಂತೆಯಾಗಿತ್ತು.

ಇಮೇಲ್ ತಾನಾಗಿ ಮನೆ ಬಾಗಿಲಿಗೆ ಬರುತ್ತದೆ. ಫೋರಂಗೆ ನಾವೇ ನಡೆದು ಹೋಗಬೇಕು. ನಮ್ಮ ಬಳಗದಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಹಳೆಯ ಲೆಕ್ಕದ ಪುಸ್ತಕ ಇರುವುದೂ ಅವರ ಹತ್ತಿರವೇ. ಫೋರಂ ಶುರುವಾದ ಮೊದಲ ತಿಂಗಳು ನನ್ನ ಫೋನಿಗೆ ಬಂದ ಕರೆಗಳಲ್ಲಿ ಅರ್ಧ ಒಂದೇ ಮಾತು: "ಅಕ್ಕಾ, ಪಾಸ್‌ವರ್ಡ್ ಮರೆತುಹೋಯಿತು." ಎರಡನೇ ತಿಂಗಳು ಆ ಕರೆಗಳೂ ನಿಂತವು. ಪಾಸ್‌ವರ್ಡ್ ನೆನಪಾಗಿ ನಿಂತದ್ದಲ್ಲ, ಅವರು ಬರುವುದನ್ನೇ ಬಿಟ್ಟಿದ್ದರು. ಅದೇ ಹಿರಿಯರು ಇಮೇಲ್‌ನಲ್ಲಿ ಮಾತ್ರ ದಿನಾ ಇರುತ್ತಿದ್ದರು. ಬರೆಯದೆ ಇದ್ದರೂ ಓದುತ್ತಿದ್ದರು.

ನಾಪೋಕ್ಲು ಕಡೆಯ ಒಬ್ಬ ಹಿರಿಯ ಬೆಳೆಗಾರರು ಹೀಗೆಯೇ ನಾಲ್ಕು ವರ್ಷ ಸುಮ್ನೆ ಓದಿಕೊಂಡಿದ್ದವರು. ಒಂದು ಮಾರ್ಚ್‌ನಲ್ಲಿ ಯಾರೋ ಹೂಮಳೆ ತಡವಾಯಿತು ಅಂತ ಬರೆದರು. ಅದಕ್ಕೆ ಅವರು ತಮ್ಮ ತಂದೆಯ ಕಾಲದಿಂದ ಯಾವ ಯಾವ ವರ್ಷ ಹೂಮಳೆ ಯಾವ ದಿನ ಬಿತ್ತು, ಆಮೇಲೆ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು ಅಂತ ಉದ್ದನೆಯ ಉತ್ತರ ಬರೆದರು. ಕಾಫಿ ಬೆಳೆಯುವವರಿಗೆ ಇದರ ಬೆಲೆ ಗೊತ್ತು. ರೊಬಸ್ಟಾ ಹೂ ಬಿಡಲು ಒಂದು ಇಂಚಿನಷ್ಟು ಮಳೆ ಬೇಕು. ಅದೇ ಹೂಮಳೆ. ಅರಳಿದ ಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ, ಅಂದರೆ ಬ್ಯಾಕಿಂಗ್ ಮಳೆ, ಬರದಿದ್ದರೆ ಕಾಯಿ ಕಚ್ಚುವುದಿಲ್ಲ. ಅವರು ಫೋರಂಗೆ ಬಂದು ಇದನ್ನು ಬರೆಯುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಇಷ್ಟಕ್ಕೇ ಇಮೇಲ್‌ಗೆ ನನ್ನ ಮೊದಲ ಮತ.

ಎರಡನೆಯ ಕಾರಣ ನಮ್ಮ ಮಳೆಗಾಲ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟ್ ಯಾವಾಗ ಹೋಗುತ್ತದೆ, ನೆಟ್‌ವರ್ಕ್ ಯಾವಾಗ ಬರುತ್ತದೆ ಅಂತ ಹೇಳಲು ಬರುವುದಿಲ್ಲ. ಮಳೆಯ ಬಗ್ಗೆ ಮಾತಾಡಲು ಜಾಸ್ತಿ ವಿಷಯ ಇರುವ ಹೊತ್ತಿಗೇ ಮಾತಾಡುವ ದಾರಿ ಕಡಿದಿರುತ್ತದೆ. ಮೇಲ್ ಈ ಕಷ್ಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ನೆಟ್‌ವರ್ಕ್ ಇಲ್ಲದಾಗ ಬರೆದದ್ದು ಫೋನಿನ ಔಟ್‌ಬಾಕ್ಸ್‌ನಲ್ಲಿ ಕಾದಿದ್ದು, ಸಿಗ್ನಲ್ ಬಂದ ಕೂಡಲೇ ತಾನೇ ಹೋಗುತ್ತದೆ. ಈಗಾಗಲೇ ಇಳಿದಿರುವ ಮೇಲ್‌ಗಳನ್ನು ನೆಟ್ ಇಲ್ಲದೆಯೂ ಓದಬಹುದು. ಆ ಕಡೆಯ ಸರ್ವರ್ ಸಿಗದಿದ್ದರೂ ಕಳಿಸುವ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಬಿಡದೆ ಪ್ರಯತ್ನ ಮಾಡುತ್ತದೆ. ಫೋರಂ ಹಾಗಲ್ಲ. ಬರೆದು ಮುಗಿಸಿ ಒತ್ತುವ ಹೊತ್ತಿಗೆ ನೆಟ್ ಹೋದರೆ, ಎಷ್ಟೋ ಸಲ ಬರೆದದ್ದೆಲ್ಲ ಹೋಯಿತು. ನಮ್ಮ ಫೋರಂನಲ್ಲಿ ಕರಡು ತಾನಾಗಿ ಉಳಿಯುವ ಸೌಲಭ್ಯ ಇರಲಿಲ್ಲ. ಹೊಸ ತಂತ್ರಾಂಶಗಳಲ್ಲಿ ಇದೆ, ಆರಿಸುವಾಗ ಮೊದಲು ಅದನ್ನೇ ನೋಡಿ.

2018ರ ಆಗಸ್ಟ್ ಮಧ್ಯಭಾಗವನ್ನು ಕೊಡಗಿನವರು ಯಾರೂ ಮರೆಯುವುದಿಲ್ಲ. ಆಶ್ಲೇಷ ಮುಗಿದು ಮಘೆ ಹಿಡಿಯುವ ಹೊತ್ತು. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜರಿದವು, ಸಂಪಾಜೆಗೆ ಹೋಗುವ ರಸ್ತೆ ಕಡಿದುಹೋಯಿತು. ಆ ದಿನಗಳಲ್ಲಿ ಫೋರಂನಲ್ಲಿ ಒಂದು ಅಕ್ಷರವೂ ಬರಲಿಲ್ಲ. ಮೇಲ್ ಪೆಟ್ಟಿಗೆಯೂ ಖಾಲಿಯಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ನನ್ನ ಫೋನಿಗೆ ಸಿಗ್ನಲ್ ಬಂತು. ಸಾಲಾಗಿ ಮೇಲ್‌ಗಳು ಇಳಿದವು. ಒಬ್ಬರು ಮೂರು ದಿನದ ಅಳತೆ ಬರೆದು, ಕೆಳಗೆ "ನಾವು ಕ್ಷೇಮ, ಮನೆ ಬಿಟ್ಟು ಬಂದಿದ್ದೇವೆ" ಅಂತ ಸೇರಿಸಿದ್ದರು. ಇನ್ನೊಬ್ಬರದ್ದು ಎರಡೇ ಪದ: "ಮಾಪಕ ತುಂಬಿತು." ಯಾರ ಮೇಲ್ ಬಂದಿಲ್ಲ ಅಂತ ನೋಡಿ ನೋಡಿ ಫೋನ್ ಮಾಡಿದೆವು. ಎಲ್ಲರೂ ಸಿಕ್ಕಿದರು. ಆ ಮೇಲ್‌ಗಳನ್ನು ನಾನು ಇನ್ನೂ ಅಳಿಸಿಲ್ಲ.

ಇಷ್ಟು ಹೇಳಿದ ಮೇಲೆ ಫೋರಂ ಯಾಕೆ ಬೇಕು ಅನ್ನಿಸಬಹುದು. ಅದಕ್ಕೆ ಉತ್ತರ ಆ ನಾಪೋಕ್ಲು ಹಿರಿಯರ ಪುಸ್ತಕವೇ.

ಅವರು 1950ರ ದಶಕದಿಂದ ಬಂದ ಲೆಕ್ಕದ ಪುಸ್ತಕದ ಪುಟಗಳನ್ನು ಫೋಟೋ ತೆಗೆದು ಇಮೇಲ್‌ನಲ್ಲಿ ಕಳಿಸತೊಡಗಿದರು. ಒಂದು ಮೇಲ್‌ಗೆ ನಾಲ್ಕೈದು ಫೋಟೋ. ಜಿಮೇಲ್‌ನಲ್ಲಿ ಒಂದು ಮೇಲ್‌ಗೆ 25 ಎಂಬಿ ಮಿತಿ, ನಮ್ಮ ಗುಂಪಿನ ಮಿತಿ ಅದಕ್ಕಿಂತ ಕಡಿಮೆ. ಅರ್ಧ ಮೇಲ್‌ಗಳು ತಿರುಗಿ ಬಂದವು. ಹೋದ ಅರ್ಧ ಎಲ್ಲರ ಪೆಟ್ಟಿಗೆಯಲ್ಲೂ ತುಂಬಿಕೊಂಡವು, ಕೆಲವರ ಫೋನಿನಲ್ಲಿ ಜಾಗವೇ ಇಲ್ಲದಾಯಿತು. ಒಬ್ಬರು ಜೂನ್ ಪುಟದ ಒಂದು ಅಂಕಿ ಕೇಳಿದರೆ, ಇನ್ನೊಬ್ಬರು ಆಗಸ್ಟ್ ಪುಟದ ಮೇಲ್‌ಗೆ ಉತ್ತರ ಕೊಟ್ಟರು. ಮೂರನೆಯವರು ಅದೇ ತಲೆಬರಹದ ಕೆಳಗೆ ಕಾಂಡಕೊರಕದ ಔಷಧಿ ಕೇಳಿದರು. ಹತ್ತು ದಿನಕ್ಕೆ ಯಾರಿಗೂ ಏನೂ ಸಿಗದ ಸ್ಥಿತಿ. ಇಮೇಲ್‌ನಲ್ಲಿ ಒಮ್ಮೆ ಹೋದ ಮಾತನ್ನು ಆಮೇಲೆ ಎತ್ತಿ ಬೇರೆ ಕಡೆ ಇಡಲು ಬರುವುದಿಲ್ಲ.

ಫೋರಂನಲ್ಲಿ ಅದೇ ಪುಸ್ತಕಕ್ಕೆ ವರ್ಷಕ್ಕೊಂದು ಎಳೆ ಮಾಡಿದೆ. ಫೋಟೋ ಒಂದೇ ಕಡೆ ಇರುತ್ತದೆ, ಬೇಕಾದವರು ತೆರೆಯುತ್ತಾರೆ. ಪ್ರತಿ ಪುಟದ ಕೆಳಗೆ ಯಾರಾದರೂ ಅಂಕಿಗಳನ್ನು ಟೈಪ್ ಮಾಡುತ್ತಾರೆ, ಇನ್ನೊಬ್ಬರು ತಾಳೆ ನೋಡುತ್ತಾರೆ. ತಪ್ಪಿದ್ದರೆ ಅಲ್ಲೇ ತಿದ್ದಬಹುದು. 1961ರ ಎಳೆಯೇ ಎಲ್ಲಕ್ಕಿಂತ ಉದ್ದ. ದೇಶದಲ್ಲೇ ಮುಂಗಾರು ಬಹಳ ಜೋರಾಗಿದ್ದ ವರ್ಷಗಳಲ್ಲಿ ಅದೂ ಒಂದು. ಪುಸ್ತಕದ ಜುಲೈ ಪುಟದಲ್ಲಿ ಒಂದು ಕಡೆ ಅಂಕಿಯೇ ಇಲ್ಲ, "ಗಾಜು ಒಡೆಯಿತು" ಅಂತ ಮಾತ್ರ ಇದೆ. ಆ ಒಂದು ದಿನಕ್ಕಾಗಿ ಮೂರು ಮನೆಯವರು ತಮ್ಮ ತಮ್ಮ ಅಟ್ಟ ಹುಡುಕಿದರು. ಸಿದ್ದಾಪುರ ಕಡೆಯ ಒಬ್ಬರಿಗೆ ಅಜ್ಜನ ಡೈರಿ ಸಿಕ್ಕಿತು. ಆ ಎಳೆ ಶುರುವಾಗಿ ಒಂದೂವರೆ ವರ್ಷದ ನಂತರ ಅವರು ಬಂದು ಅದರ ಕೆಳಗೇ ಉತ್ತರ ಬರೆದರು. ಮೇಲ್‌ನಲ್ಲಾಗಿದ್ದರೆ ಒಂದೂವರೆ ವರ್ಷದ ಹಿಂದಿನ ಮಾತನ್ನು ಯಾರು ಎತ್ತುತ್ತಿದ್ದರು, ಹೇಳಿ? ಆಮೇಲೆ ಬಳಗ ಸೇರಿದವರಿಗಂತೂ ಆ ಹಳೆಯ ಮೇಲ್ ಬಂದೇ ಇರುವುದಿಲ್ಲ.

ಫೋರಂನಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಶುರುವಿನಲ್ಲಿ ವಿಭಾಗಗಳನ್ನು ತಿಂಗಳ ಪ್ರಕಾರ ಮಾಡಿದ್ದೆ: ಜೂನ್, ಜುಲೈ, ಆಗಸ್ಟ್. ಹಿರಿಯರು ಮಳೆಯನ್ನು ಹಾಗೆ ನೆನಪಿಡುವುದೇ ಇಲ್ಲ. ಅವರ ಲೆಕ್ಕ ಆರಿದ್ರಾ, ಪುನರ್ವಸು, ಪುಷ್ಯ ಅಂತ ಮಳೆ ನಕ್ಷತ್ರದಲ್ಲಿ. ಪುಷ್ಯ ಮಳೆ ಜುಲೈಯಲ್ಲಿ ಶುರುವಾಗಿ ಆಗಸ್ಟ್‌ಗೆ ದಾಟುತ್ತದೆ, ಅದನ್ನು ಯಾವ ವಿಭಾಗಕ್ಕೆ ಹಾಕುವುದು? ಮೇಲ್‌ನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ತಲೆಬರಹದಲ್ಲಿ "ಪುಷ್ಯ ಮಳೆ" ಅಂತ ಬರೆದರೆ ಆಯಿತು. ಫೋರಂನ ವಿಭಾಗಗಳನ್ನು ನಕ್ಷತ್ರಕ್ಕೆ ಬದಲಾಯಿಸಿದ ಮೇಲೆ ಇಬ್ಬರು ಹಿರಿಯರು ತಾವಾಗಿ ಬಂದು ಬರೆಯತೊಡಗಿದರು. ಫೋರಂ ಮಾಡುವವರು ಮೊದಲು ತಮ್ಮವರ ಡೈರಿ ನೋಡಿ, ಆಮೇಲೆ ವಿಭಾಗ ಮಾಡಿ.

ಹುಡುಕುವ ವಿಷಯದಲ್ಲಿ ಎರಡೂ ನನಗೆ ತೃಪ್ತಿ ಕೊಟ್ಟಿಲ್ಲ. ಮೊದಲ ವರ್ಷಗಳಲ್ಲಿ ನಮ್ಮವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ಕೆಲವರು ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿ ಕಳಿಸಿದ್ದು ನಮ್ಮಲ್ಲಿ ಗೀಚಿದ ಗುರುತುಗಳ ಹಾಗೆ ಕಾಣುತ್ತಿತ್ತು. ಯೂನಿಕೋಡ್‌ಗೆ ಎಲ್ಲರೂ ಬಂದ ಮೇಲೂ ನಮ್ಮ ಫೋರಂನಲ್ಲಿ "ಮಳೆ" ಅಂತ ಹುಡುಕಿದರೆ "ಮಳೆಯಲ್ಲಿ", "ಮಳೆಗೆ" ಸಿಗುತ್ತಿರಲಿಲ್ಲ. ಕನ್ನಡದಲ್ಲಿ ಪದದ ಬಾಲ ಬೆಳೆಯುತ್ತಾ ಹೋಗುತ್ತದೆ ಅಲ್ವಾ, ಅದು ಆ ತಂತ್ರಾಂಶಕ್ಕೆ ಗೊತ್ತಿರಲಿಲ್ಲ. ಕೊನೆಗೆ ನಾವೇ ಪ್ರತಿ ಎಳೆಗೆ ಊರು, ವರ್ಷ, ನಕ್ಷತ್ರ ಅಂತ ಮೂರು ಗುರುತು ಹಾಕುವ ಪದ್ಧತಿ ಮಾಡಿಕೊಂಡೆವು.

ಇನ್ನೊಂದು ಘಟನೆ ಬರೆಯಲು ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ ಬರೆಯುತ್ತೇನೆ. ಬಳಗದ ಒಬ್ಬರ ಮಾಪಕ ಸಿಲ್ವರ್ ಓಕ್ ಮರಗಳ ಹತ್ತಿರ ಇತ್ತು. ಮರದ ಎತ್ತರದ ಎರಡು ಪಟ್ಟಾದರೂ ದೂರ ಇರಬೇಕು, ಇಲ್ಲದಿದ್ದರೆ ಅಳತೆ ಕಡಿಮೆ ಬರುತ್ತದೆ. ಇನ್ನೊಬ್ಬರು ಅದರ ಬಗ್ಗೆ ನನಗೊಬ್ಬಳಿಗೆ ಬರೆಯಲು ಹೋದರು. "ಅವರ ಲೆಕ್ಕ ನಂಬಬೇಡಿ" ಅನ್ನುವ ಸಾಲು ಇಡೀ ಗುಂಪಿಗೆ ಹೋಯಿತು. ಉತ್ತರ ಒತ್ತಿದರೆ ಎಲ್ಲರಿಗೂ ಹೋಗುವ ಹಾಗೆ ಇಟ್ಟಿದ್ದವಳು ನಾನೇ. ಹೋದ ಮೇಲ್ ವಾಪಸ್ ಬರುವುದಿಲ್ಲ. ಇಪ್ಪತ್ತು ವರ್ಷ ಒಂದು ದಿನ ತಪ್ಪದೆ ಅಳತೆ ಬರೆದ ಆ ಮನುಷ್ಯ ಅದೇ ಸಂಜೆ ಬಳಗ ಬಿಟ್ಟರು. ನಾನು ಮನೆಗೆ ಹೋಗಿ ಮಾತಾಡಿದೆ. ಕಾಫಿ ಕೊಟ್ಟರು, ಚೆನ್ನಾಗಿಯೇ ಮಾತಾಡಿದರು, ಆದರೆ ಗುಂಪಿಗೆ ತಿರುಗಿ ಬರಲಿಲ್ಲ. ಫೋರಂ ಆಗಿದ್ದರೆ ಒಂದು ನಿಮಿಷದಲ್ಲಿ ಆ ಸಾಲು ತೆಗೆಯುತ್ತಿದ್ದೆ. ಇಮೇಲ್ ಗುಂಪು ಮಾಡುವವರು ದಯವಿಟ್ಟು ಉತ್ತರ ಒತ್ತಿದರೆ ಆ ಮೇಲ್ ಬರೆದವರೊಬ್ಬರಿಗೆ ಮಾತ್ರ ಹೋಗುವ ಹಾಗೆ ಇಡಿ. ಚರ್ಚೆ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ.

ನಿರ್ವಹಣೆಯ ಕೆಲಸ ಫೋರಂಗೆ ಬಹಳ ಜಾಸ್ತಿ. ಸುಳ್ಳು ಸದಸ್ಯರು ದಿನಾ ಬಂದು ನೋಂದಾಯಿಸುತ್ತಾರೆ, ತಂತ್ರಾಂಶ ಹೊಸದು ಮಾಡುತ್ತಿರಬೇಕು, ವಿಳಾಸಕ್ಕೂ ಜಾಗಕ್ಕೂ ವರ್ಷ ವರ್ಷ ದುಡ್ಡು ಕಟ್ಟಬೇಕು. ಇಮೇಲ್‌ನಲ್ಲಿ ಒಂದೇ ತಲೆನೋವು: ಗುಂಪಿನ ಮೂಲಕ ಬಂದ ಪತ್ರವನ್ನು ಕೆಲವು ಸರ್ವರ್‌ಗಳು ಅನುಮಾನದಿಂದ ನೋಡಿ ಸ್ಪ್ಯಾಮ್‌ಗೆ ತಳ್ಳುತ್ತವೆ. ಕಳಿಸಿದವರ ವಿಳಾಸದ ಜಾಗದಲ್ಲಿ ಗುಂಪಿನ ವಿಳಾಸ ಬರುವ ಹಾಗೆ ಮಾಡಿದ ಮೇಲೆ ಬಹುಪಾಲು ಸರಿಹೋಯಿತು.

ಉಳಿಯುವ ಮಾತು ಬಂದರೆ ಲೆಕ್ಕ ತಿರುಗುಮುರುಗಾಗುತ್ತದೆ. ಫೋರಂ ಎಲ್ಲವನ್ನೂ ಚೆನ್ನಾಗಿ ಜೋಡಿಸಿಡುತ್ತದೆ, ಆದರೆ ಒಂದೇ ಕಡೆ ಇಡುತ್ತದೆ. ನಮ್ಮ ಫೋರಂ ಇಟ್ಟಿದ್ದ ಕಂಪನಿಯ ಡಿಸ್ಕ್ ಕೆಟ್ಟು ಒಂದು ಸಲ ಎರಡು ತಿಂಗಳ ಬರಹ ಪೂರ್ತಿ ಹೋಯಿತು. ನಮ್ಮ ಹತ್ತಿರ ಇದ್ದದ್ದು ಅದಕ್ಕಿಂತ ಹಿಂದಿನ ಪ್ರತಿ. ಇಮೇಲ್‌ನದ್ದು ಹಾಗಲ್ಲ, ಪ್ರತಿಯೊಬ್ಬರ ಪೆಟ್ಟಿಗೆಯೂ ಒಂದು ಪ್ರತಿ. ಯಾಹೂ ಗ್ರೂಪ್ಸ್ 2019ರ ಡಿಸೆಂಬರ್‌ನಲ್ಲಿ ಹಳೆಯ ಸಂಗ್ರಹಗಳನ್ನು ಮುಚ್ಚಿ, 2020ರ ಡಿಸೆಂಬರ್‌ನಲ್ಲಿ ಪೂರ್ತಿ ನಿಂತಿತು. ನಮ್ಮ ಗುಂಪು ಅಲ್ಲಿರಲಿಲ್ಲ. ಆದರೂ ಆ ಸುದ್ದಿ ಓದಿದ ದಿನವೇ ಪೊನ್ನಂಪೇಟೆಯ ಒಬ್ಬ ಸದಸ್ಯರನ್ನು ಕೇಳಿದೆ. ಅವರು 2011ರಿಂದ ಬಂದ ಒಂದು ಮೇಲ್ ಕೂಡ ಅಳಿಸದೆ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ, ತಮ್ಮ ಕಂಪ್ಯೂಟರ್‌ನಲ್ಲೇ ಇಟ್ಟುಕೊಂಡಿದ್ದರು. ಈಗ ಅದರ ಪ್ರತಿ ಮೂರು ಮನೆಗಳಲ್ಲಿದೆ.

ವಾಟ್ಸಾಪ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಮ್ಮದೂ ಒಂದು ಗುಂಪು ಇದೆ. "ಮಡಿಕೇರಿಯಲ್ಲಿ ಶುರುವಾಯಿತು, ನಿಮ್ಮಲ್ಲಿ?" ಅಂತ ಕೇಳಲು ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ನಾಳೆ ಬೇಕಾಗುವ ಯಾವುದನ್ನೂ ಅಲ್ಲಿ ಇಡಬೇಡಿ.

ಎರಡನ್ನೂ ಒಂದೇ ಕಡೆ ಕೊಡುವ ವ್ಯವಸ್ಥೆಗಳೂ ಇವೆ. ಡಿಸ್ಕೋರ್ಸ್‌ನಲ್ಲಿ ಫೋರಂನ ಪ್ರತಿ ಬರಹವೂ ಮೇಲ್ ಆಗಿ ಬರುವ ಹಾಗೆ ಇಟ್ಟುಕೊಳ್ಳಬಹುದು, ಮೇಲ್‌ನಿಂದಲೇ ಉತ್ತರಿಸಬಹುದು. ಹೊಸದಾಗಿ ಶುರು ಮಾಡುವ ಬಳಗ, ಅದರಲ್ಲೂ ನೋಡಿಕೊಳ್ಳಲು ಒಬ್ಬ ಚುರುಕಾದ ಹುಡುಗನೋ ಹುಡುಗಿಯೋ ಇದ್ದರೆ, ಅದನ್ನೇ ಮಾಡಿ ಅನ್ನುತ್ತೇನೆ. ಅಂಥವರು ಯಾರೂ ಇಲ್ಲದಿದ್ದರೆ, ಸದಸ್ಯರು ಹಿರಿಯರಾಗಿದ್ದರೆ, ಇಮೇಲ್ ಗುಂಪು ಸಾಕು. ಫೋರಂ ಆಮೇಲೆ ಮಾಡಬಹುದು.

ನಾವು ಎರಡನ್ನೂ ಬಿಟ್ಟಿಲ್ಲ. ದಿನದ ಅಳತೆ ಮೇಲ್‌ನಲ್ಲೇ ಬರುತ್ತದೆ. ಪ್ರತಿ ಭಾನುವಾರ ಸಂಜೆ ನಾನು ವಾರದ ಅಳತೆಗಳನ್ನು ಊರಿನ ಪ್ರಕಾರ ಜೋಡಿಸಿ ಫೋರಂಗೆ ಹಾಕುತ್ತೇನೆ. ಒಂದು ಗಂಟೆಯ ಕೆಲಸ, ಭಾಗಮಂಡಲದವರ ಅಂಕಿಗಳನ್ನು ಕುಶಾಲನಗರದವರ ಪಕ್ಕದಲ್ಲಿ ಇಟ್ಟಾಗ ಪ್ರತಿ ಸಲವೂ ಬೆರಗಾಗುತ್ತದೆ. ಒಂದೇ ಜಿಲ್ಲೆಯ ಮಳೆ ಅಂತ ನಂಬಲು ಆಗುವುದಿಲ್ಲ. ನಾಪೋಕ್ಲು ಪುಸ್ತಕದಲ್ಲಿ ಇನ್ನೂ 37 ಪುಟ ಟೈಪ್ ಆಗಬೇಕು. ಅಂಕಿಗಳೆಲ್ಲ ಕನ್ನಡದವು, ಮೂರಕ್ಕೂ ಏಳಕ್ಕೂ ವ್ಯತ್ಯಾಸ ಕಾಣದಷ್ಟು ಮಸಿ ಹರಡಿದೆ. ಈ ಕಕ್ಕಡ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮುಗಿಯುವುದರೊಳಗೆ ಹತ್ತು ಪುಟವಾದರೂ ಮಾಡೋಣ ಅಂದುಕೊಂಡಿದ್ದೇವೆ.