ಬಿಲ್ ಮೇಲೆ ಕ್ಯೂಆರ್ ಇತ್ತು, ಐಆರ್‌ಎನ್ ಇತ್ತು, ಆದರೂ 1,04,400 ರೂಪಾಯಿ ಹೋಯಿತು: ದಯವಿಟ್ಟು ಲೋಡ್ ಇಳಿದ ದಿನವೇ ಚೆಕ್ ಮಾಡಿ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಹಿಂದುಮುಂದಾದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಷ್ಟು ದಿನ ಮನೆಯವರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ, ಹೇಳಲು ನಾಚಿಕೆಯಾಗುತ್ತಿತ್ತು. ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಹದಿನಾಲ್ಕು ವರ್ಷದಿಂದ ಫ್ಯಾಬ್ರಿಕೇಶನ್ ಶೆಡ್ ನಡೆಸುತ್ತಿದ್ದೇನೆ. ವ್ಯಾಟ್ ಕಾಲದಿಂದ ಬಿಲ್ ನೋಡಿದವನು ನಾನು. ನನಗೇ ಒಂದು ಕಾಗದ ತೋರಿಸಿ ಜಿಎಸ್‌ಟಿ ದುಡ್ಡಿಗೆ ಟೋಪಿ ಹಾಕಿದರು. ಐಆರ್‌ಎನ್ ಅಂದರೆ ಬಿಲ್ ಸರ್ಕಾರದ ಇ-ಇನ್ವಾಯ್ಸ್ ಪೋರ್ಟಲ್‌ನಲ್ಲಿ ದಾಖಲಾದಾಗ ಅದಕ್ಕೆ ಬರುವ ಗುರುತಿನ ನಂಬರ್. ಹಾಗೆ ದಾಖಲಾದ ಬಿಲ್ಲೇ ಇ-ಇನ್ವಾಯ್ಸ್.

ನಮಗೆ ಎಚ್‌ಆರ್ ಶೀಟ್ (ಬಿಸಿಯಲ್ಲಿ ರೋಲ್ ಮಾಡಿದ ಉಕ್ಕಿನ ಹಾಳೆ) ಬೇಕಿತ್ತು. ಯಾವಾಗಲೂ ತರುವ ಕಡೆ ಸ್ಟಾಕ್ ಇರಲಿಲ್ಲ. ಪರಿಚಯದವರೊಬ್ಬರು ಬೆಂಗಳೂರಿನ ಒಬ್ಬ ಟ್ರೇಡರ್ ನಂಬರ್ ಕೊಟ್ಟರು. ಅವರ ಹೆಸರು ಇಲ್ಲಿ ಹಾಕುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಅದರ ದಾರಿಯಲ್ಲಿ ನಡೆಯಲಿ. 2025ರ ಏಪ್ರಿಲ್ 22ಕ್ಕೆ ಮೊದಲ ಬಿಲ್. ಎರಡು ಟನ್, ಕೆಜಿಗೆ 59 ರೂಪಾಯಿ, ಟ್ಯಾಕ್ಸ್ ಸೇರಿ 1,39,240. ಮಾಲು ಚೆನ್ನಾಗಿತ್ತು. ತೂಕ ಸರಿಯಿತ್ತು. ಮೇ 14ಕ್ಕೆ ನಮ್ಮ 2ಬಿಯಲ್ಲಿ (ಮಾರಿದವರು ಸಲ್ಲಿಸಿದ ಬಿಲ್‌ಗಳನ್ನು ಜಿಎಸ್‌ಟಿ ಪೋರ್ಟಲ್ ತಿಂಗಳಿಗೊಮ್ಮೆ ನಮಗೆ ತೋರಿಸುವ ಪಟ್ಟಿ) ಆ ಬಿಲ್ ಬಂದೂ ಬಂತು. ಹೊಸಬರ ಹತ್ತಿರ ಮೊದಲು ಸಣ್ಣ ಲೋಡ್ ತರಿಸಿ, ಎಲ್ಲಾ ಸರಿಯಿದ್ದರೆ ದೊಡ್ಡದು ತರಿಸುವುದು. ನಾವೆಲ್ಲ ಮಾಡುವುದು ಹಾಗೇ ಅಲ್ವಾ? ನಾನೂ ಹಾಗೇ ಮಾಡಿದೆ.

ಜೂನ್ 6ಕ್ಕೆ ಹತ್ತು ಟನ್ ಹೇಳಿದೆ. ರೇಟು ಅದೇ 59. "ಲೋಡ್ ಇಳಿದ ದಿನವೇ ಪೂರ್ತಿ ಆರ್‌ಟಿಜಿಎಸ್ ಮಾಡಿದ್ರೆ 58ಕ್ಕೆ ಮಾಡಿಕೊಡ್ತೀವಿ ಸರ್" ಅಂದರು. ಹತ್ತು ಸಾವಿರ ಉಳಿಯುತ್ತದಲ್ಲ ಅಂತ ಒಪ್ಪಿದೆ. ಮಾಲಿಗೆ 5,80,000. ಅದರ ಮೇಲೆ ಸಿಜಿಎಸ್‌ಟಿ 52,200, ಎಸ್‌ಜಿಎಸ್‌ಟಿ 52,200. ಒಟ್ಟು 6,84,400.

ಮಾರನೇ ದಿನ ಲಾರಿ ಬಂತು. ಡ್ರೈವರ್ ಬಿಲ್, ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಜಿಎಸ್‌ಟಿ ಚೀಟಿ), ಕಾಟಾ ಚೀಟಿ ಮೂರನ್ನೂ ಕೊಟ್ಟ. ಕಣ್ಣು ಮುಚ್ಚಿಕೊಂಡು ದುಡ್ಡು ಹಾಕಿದೆ ಅಂತ ಯಾರೂ ಅಂದುಕೊಳ್ಳಬೇಡಿ. ಬಿಲ್ ಮೇಲೆ 64 ಅಕ್ಷರದ ಐಆರ್‌ಎನ್ ಇದೆಯಾ ನೋಡಿದೆ, ಇತ್ತು. ಮೂಲೆಯಲ್ಲಿ ಕ್ಯೂಆರ್ ಇತ್ತು. ಫೋನ್ ಕ್ಯಾಮೆರಾ ಹಿಡಿದು ಸ್ಕ್ಯಾನ್ ಕೂಡ ಮಾಡಿದೆ. ತಲೆಬುಡ ಇಲ್ಲದ ಉದ್ದುದ್ದ ಇಂಗ್ಲಿಷ್ ಅಕ್ಷರ ಬಂತು. ಅಸಲಿ ಇ-ಇನ್ವಾಯ್ಸ್ ಕ್ಯೂಆರ್‌ನಲ್ಲಿ ಹಾಗೇ ಬರುತ್ತದೆ, ಅದರಲ್ಲಿ ಡಿಜಿಟಲ್ ಸಹಿ ಇರುತ್ತದೆ, ಮಾಮೂಲಿ ಕ್ಯಾಮೆರಾಗೆ ಓದಲು ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಆ ಅರ್ಧ ತಿಳಿವಳಿಕೆಯೇ ನನಗೆ ಮುಳುವಾಯಿತು. ಜೊತೆಗೆ ಇ-ವೇ ಬಿಲ್ ಬೇರೆ ಸರಿಯಾಗಿತ್ತು. ಸಂಜೆ ನಾಲ್ಕಕ್ಕೆ ಪೂರ್ತಿ 6,84,400 ಕಳಿಸಿದೆ. ಟ್ಯಾಕ್ಸ್ ದುಡ್ಡನ್ನೂ ಹಿಡಿದುಕೊಳ್ಳಲಿಲ್ಲ.

ಜುಲೈ 14ಕ್ಕೆ ನಮ್ಮ ಲೆಕ್ಕ ಬರೆಯುವ ಹುಡುಗಿ "ಸರ್, ಜೂನ್‌ದು ದೊಡ್ಡ ಬಿಲ್ 2ಬಿಯಲ್ಲಿ ಇಲ್ಲ" ಅಂದಳು. ಆಗಲೂ ನನಗೆ ಅನುಮಾನ ಬರಲಿಲ್ಲ. ಫೋನ್ ಮಾಡಿದೆ.

"ಅಪ್‌ಡೇಟ್ ಆಗಿರಲ್ಲ ಸರ್, ಎರಡು ದಿನ ಬಿಡಿ."

ಎರಡು ದಿನ ಬಿಟ್ಟೆ. "ಪೋರ್ಟಲ್ ಸ್ಲೋ ಇದೆ ಸರ್, ನಮ್ಮ ಕಡೆಯಿಂದ ಎಲ್ಲಾ ಆಗಿದೆ." ಆರ್-1 (ಮಾರಿದವರು ತಮ್ಮ ಬಿಲ್‌ಗಳನ್ನು ತೋರಿಸುವ ಜಿಎಸ್‌ಟಿ ರಿಟರ್ನ್) ಫೈಲ್ ಮಾಡಿದ್ದರೆ ಅದರ ಸ್ಕ್ರೀನ್‌ಶಾಟ್ ಕಳಿಸಿ ಅಂದೆ. ಅದಕ್ಕೆ ಬಂದ ಉತ್ತರ: "ನಿಮ್ಮ ಆಡಿಟರ್‌ಗೆ ಸರಿಯಾಗಿ ನೋಡೋಕೆ ಬರಲ್ಲ ಅನ್ಸುತ್ತೆ, ಒಂದ್ಸಲ ಬೇರೆಯವರ ಹತ್ರ ತೋರಿಸಿ."

ಇಪ್ಪತ್ತನೇ ತಾರೀಖಿಗೆ 3ಬಿ (ತಿಂಗಳ ಟ್ಯಾಕ್ಸ್ ಲೆಕ್ಕದ ರಿಟರ್ನ್) ಕಟ್ಟಬೇಕು. 17ಕ್ಕೆ ಎರಡೂ ಬಿಲ್ ಹಿಡಿದುಕೊಂಡು ಆಡಿಟರ್ ಆಫೀಸಿಗೆ ಹೋದೆ. ಅವರು ಮೊದಲು ಕೇಳಿದ್ದೇ "ಐಆರ್‌ಎನ್ ವೆರಿಫೈ ಮಾಡಿದ್ರಾ?" ಅಂತ. ಕ್ಯೂಆರ್ ಸ್ಕ್ಯಾನ್ ಮಾಡಿದೆ ಅಂದೆ. "ಯಾವುದರಲ್ಲಿ?" ಅಂದರು. ಕ್ಯಾಮೆರಾದಲ್ಲಿ ಅಂದೆ. ಅವರು ಏನೂ ಮಾತಾಡಲಿಲ್ಲ. ತಮ್ಮ ಫೋನ್ ತೆಗೆದರು. ಅದರಲ್ಲಿ ಜಿಎಸ್‌ಟಿಯವರದೇ ಇ-ಇನ್ವಾಯ್ಸ್ ವೆರಿಫೈಯರ್ ಆ್ಯಪ್ ಇತ್ತು. ಬಿಟ್ಟಿ ಸಿಗುತ್ತದೆ, ಲಾಗಿನ್ ಕೂಡ ಬೇಡ. ಜೂನ್ ಬಿಲ್ಲಿನ ಕ್ಯೂಆರ್ ಮೇಲೆ ಹಿಡಿದರು.

ಸಹಿ ಅಸಲಿ ಅಂತಲೇ ಬಂತು. ಒಂದು ಕ್ಷಣ ಉಸಿರು ಬಿಟ್ಟೆ. ಅವರು ಫೋನನ್ನು ನನ್ನ ಕಡೆ ತಿರುಗಿಸಿ "ಮೊತ್ತ ಓದಿ" ಅಂದರು.

1,39,240.

ದಿನಾಂಕ ಏಪ್ರಿಲ್ 22. ಬಿಲ್ ನಂಬರ್ ಏಪ್ರಿಲ್ ಬಿಲ್ಲಿನದು.

ಮೇಜಿನ ಮೇಲೆ ಎರಡೂ ಬಿಲ್ ಅಕ್ಕಪಕ್ಕ ಇಟ್ಟೆವು. ಐಆರ್‌ಎನ್ ಮೇಲೆ ಬೆರಳಿಟ್ಟು ಹೋದೆ. ಮೊದಲ ನಾಲ್ಕು ಅಕ್ಷರ ಒಂದೇ. ನಡುವಿನವು ಒಂದೇ. ಕೊನೆಯವೂ ಒಂದೇ. ಅರವತ್ನಾಲ್ಕಕ್ಕೆ ಅರವತ್ನಾಲ್ಕು. ನನಗೇ ಕೊಟ್ಟಿದ್ದ ಹಳೇ ಬಿಲ್ಲಿನ ಐಆರ್‌ಎನ್, ಹಳೇ ಬಿಲ್ಲಿನ ಕ್ಯೂಆರ್ ಕಿತ್ತು ಹೊಸ ಬಿಲ್ ಮೇಲೆ ಅಂಟಿಸಿ ಕಳಿಸಿದ್ದರು. ನನ್ನ ಫೈಲ್‌ನಲ್ಲಿ ಎರಡೂ ಒಂದರ ಹಿಂದೆ ಒಂದು ಇದ್ದವು. ಒಂದು ತಿಂಗಳಿಗೂ ಮೇಲೆ ಹಾಗೇ ಇದ್ದವು.

ಇನ್ನೂ ಹೊಟ್ಟೆ ಉರಿಯುವುದು ಇದಕ್ಕೆ: ಐಆರ್‌ಎನ್ ಕೆಳಗೆ ಅಕ್ನಾಲೆಜ್‌ಮೆಂಟ್ ನಂಬರ್, ಅದರ ದಿನಾಂಕ ಅಂತ ಒಂದು ಸಾಲು ಇರುತ್ತದೆ. ಅದರಲ್ಲಿ 22 ಏಪ್ರಿಲ್ ಅಂತ ಅಚ್ಚಾಗಿತ್ತು. ಬಿಲ್ ದಿನಾಂಕ ಜೂನ್ 6. ಯಾವ ಆ್ಯಪೂ ಬೇಕಿರಲಿಲ್ಲ, ಬರೀ ಕಣ್ಣಿಗೇ ಕಾಣುತ್ತಿತ್ತು. ನಾನು ಆ ಸಾಲು ಓದಿರಲಿಲ್ಲ.

ಆಡಿಟರ್ ಬಿಡಿಸಿ ಹೇಳಿದರು. ಐಆರ್‌ಎನ್ ಅನ್ನುವುದು ಯಾರೋ ಕುಳಿತು ಕೊಡುವ ನಂಬರ್ ಅಲ್ಲವಂತೆ. ಮಾರುವವರ ಜಿಎಸ್‌ಟಿ ನಂಬರ್, ಹಣಕಾಸು ವರ್ಷ, ಅದು ಬಿಲ್ಲೋ ಕ್ರೆಡಿಟ್ ನೋಟೋ ಡೆಬಿಟ್ ನೋಟೋ ಅನ್ನುವುದು, ಅದರ ನಂಬರ್, ಈ ನಾಲ್ಕನ್ನು ಸೇರಿಸಿ ಲೆಕ್ಕ ಹಾಕಿ ಬರುವ ನಂಬರ್. ಬಿಲ್ ನಂಬರ್ ಬದಲಾದರೆ ಐಆರ್‌ಎನ್ ಪೂರ್ತಿ ಬದಲಾಗಲೇಬೇಕು. ಎರಡು ಬಿಲ್ಲಿಗೆ ಒಂದೇ ಐಆರ್‌ಎನ್ ಬರುವ ಮಾತೇ ಇಲ್ಲ. ಇ-ವೇ ಬಿಲ್ ಇದ್ದ ಮಾತ್ರಕ್ಕೆ ಇ-ಇನ್ವಾಯ್ಸ್ ಇದೆ ಅಂತಲೂ ಅಲ್ಲ. ಬಿಲ್ ನಂಬರ್ ಟೈಪ್ ಮಾಡಿ ಇ-ವೇ ಬಿಲ್ ಬೇರೆಯಾಗಿಯೇ ತೆಗೆಯಬಹುದು. ಇವರು ಅದನ್ನೇ ಮಾಡಿದ್ದು.

ಅಲ್ಲೇ ಕುಳಿತು ಫೋನ್ ಮಾಡಿದೆ, ಸ್ಪೀಕರ್ ಹಾಕಿ.

"ಸಾಫ್ಟ್‌ವೇರ್ ಹಳೇ ಟೆಂಪ್ಲೇಟ್ ತಗೊಂಡ್ಬಿಟ್ಟಿದೆ ಸರ್." ಸರಿ, ಹಾಗಾದರೆ ಅಸಲಿ ಐಆರ್‌ಎನ್ ಕೊಡಿ ಅಂದೆ. "ಇರಿ ಸರ್, ಅಕೌಂಟ್ಸ್‌ನವರು ಊಟಕ್ಕೆ ಹೋಗಿದಾರೆ." ಸಂಜೆ ಮತ್ತೆ ಮಾಡಿದರೆ ಬೇರೆಯೇ ದನಿ, ಬೇರೆಯೇ ಮಾತು: "ನಮಗೆ ಇ-ಇನ್ವಾಯ್ಸ್ ಅಪ್ಲೈ ಆಗಲ್ಲ ಸರ್." ಅಪ್ಲೈ ಆಗದಿದ್ದರೆ ಏಪ್ರಿಲ್‌ನಲ್ಲಿ ಹೇಗೆ ತೆಗೆದಿರಿ? ಅದಕ್ಕೆ ಉತ್ತರ ಇಲ್ಲ. 2023ರ ಆಗಸ್ಟ್ 1ರಿಂದ 5 ಕೋಟಿ ಮೇಲೆ ವಹಿವಾಟು ಇರುವವರು ಬಿ2ಬಿ (ವ್ಯಾಪಾರಿಯಿಂದ ವ್ಯಾಪಾರಿಗೆ) ಬಿಲ್‌ಗೆ ಐಆರ್‌ಎನ್ ತೆಗೆಯಲೇಬೇಕು. 2017-18ರಿಂದ ಈಚೆಗೆ ಯಾವುದೇ ಒಂದು ವರ್ಷ ಆ ಗಡಿ ದಾಟಿದ್ದರೂ ಸಾಕು. ಬ್ಯಾಂಕು, ಇನ್ಶೂರೆನ್ಸ್, ಸರಕು ಸಾಗಣೆ ಏಜೆನ್ಸಿ ಅಂತ ಕೆಲವರಿಗೆ ಮಾತ್ರ ವಿನಾಯಿತಿ. ಸ್ಟೀಲ್ ವ್ಯಾಪಾರಿಗೆ ಎಲ್ಲಿಯ ವಿನಾಯಿತಿ? ಇ-ಇನ್ವಾಯ್ಸ್ ಪೋರ್ಟಲ್‌ನಲ್ಲಿ ಅವರ ಜಿಎಸ್‌ಟಿ ನಂಬರ್ ಹಾಕಿ ನೋಡಿದೆವು, ಎನೇಬಲ್ ಆಗಿದೆ ಅಂತಲೇ ತೋರಿಸಿತು. ಸ್ಕ್ರೀನ್‌ಶಾಟ್ ಕಳಿಸಿದೆ.

ಮಾರನೇ ದಿನ ಮಾತು ತಿರುಗಿತು. "ನಿಜ ಸರ್, ಆದ್ರೆ ನಮ್ದು 10 ಕೋಟಿ ಮೇಲೆ. 30 ದಿನ ಆದ್ಮೇಲೆ ಪೋರ್ಟಲ್ ತಗೊಳ್ಳಲ್ಲ. ಸರ್ಕಾರದ ರೂಲು, ನಾವೇನ್ ಮಾಡೋಕಾಗುತ್ತೆ?"

ನಿನ್ನೆ ಐದು ಕೋಟಿಯೂ ಇಲ್ಲ, ಇವತ್ತು ಹತ್ತು ಕೋಟಿ ಮೇಲೆ! ಆದರೆ ರೂಲು ಇರುವುದು ನಿಜ. 2025ರ ಏಪ್ರಿಲ್ 1ರಿಂದ 10 ಕೋಟಿ ಮತ್ತು ಅದಕ್ಕೂ ಜಾಸ್ತಿ ವಹಿವಾಟಿನವರು ಬಿಲ್ ಆದ 30 ದಿನದೊಳಗೆ ಅದನ್ನು ಪೋರ್ಟಲ್‌ಗೆ ಹಾಕಬೇಕು. ಆಮೇಲೆ ಅದು ತೆಗೆದುಕೊಳ್ಳುವುದಿಲ್ಲ. ಇಲ್ಲಿ ಸ್ವಲ್ಪ ಗಮನ ಕೊಡಿ, ಏಕೆಂದರೆ ನನಗೆ ಇದು ಹೊಳೆಯುವಷ್ಟರಲ್ಲಿ ಕಾಲ ಮಿಂಚಿತ್ತು. ಜೂನ್ 6ರ ಬಿಲ್‌ಗೆ 30 ದಿನ ಜುಲೈ ಮೊದಲ ವಾರಕ್ಕೇ ಮುಗಿಯಿತು. ಜೂನ್‌ನ 2ಬಿ ಬರುವುದು ಜುಲೈ 14ಕ್ಕೆ. ಅಂದರೆ 2ಬಿಯಲ್ಲಿ ಬಿಲ್ ಇಲ್ಲ ಅಂತ ನಮಗೆ ಗೊತ್ತಾಗುವ ಹೊತ್ತಿಗೆ ಐಆರ್‌ಎನ್ ತೆಗೆಯುವ ಬಾಗಿಲೇ ಮುಚ್ಚಿರುತ್ತದೆ. ತಿಂಗಳ ಮೊದಲ ಭಾಗದ ಬಿಲ್‌ಗಳಿಗೆ 2ಬಿ ನೋಡಿ ಎಚ್ಚರಾದರೆ ಏನೂ ಉಪಯೋಗವಿಲ್ಲ.

"ಹಾಗಾದ್ರೆ ನಾನು ಕೊಟ್ಟ ಟ್ಯಾಕ್ಸ್ ದುಡ್ಡು ವಾಪಸ್ ಕೊಡಿ" ಅಂದೆ.

"ಅದನ್ನ ಸರ್ಕಾರಕ್ಕೆ ಕಟ್ಟಿದೀವಿ ಸರ್."

"ಯಾವ ಬಿಲ್ ಮೇಲೆ ಕಟ್ಟಿದ್ರಿ?"

ಸುಮಾರು ಹೊತ್ತು ಸದ್ದಿಲ್ಲ. ಆಮೇಲೆ ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ಮಾಲು ಬಂತಲ್ವಾ ಸರ್? ತೂಕ ಸರಿ ಇತ್ತಲ್ವಾ? ಮತ್ತೆ ಯಾಕೆ ಇಷ್ಟು ಗಲಾಟೆ ಮಾಡ್ತೀರಾ?"

ಮಾಲು ಬಂದಿದೆ. ತೂಕ ಸರಿಯಿದೆ. ಅದಕ್ಕೆ 5,80,000 ಕೊಟ್ಟಿದ್ದೇನೆ. ಆದರೆ 1,04,400 ನಾನು ಮಾಲಿಗೆ ಕೊಟ್ಟ ದುಡ್ಡಲ್ಲ. ಸರ್ಕಾರಕ್ಕೆ ಕಟ್ಟಿ ಅಂತ ಅವರ ಕೈಗೆ ಕೊಟ್ಟ ದುಡ್ಡು. ನನ್ನನ್ನೇ ತಪ್ಪು ಮಾಡಿದವನ ಹಾಗೆ ಮಾತಾಡಿಸಿದರು. ಶೆಡ್ ಹೊರಗೆ ನಿಂತು ಮಾತಾಡುತ್ತಿದ್ದೆ, ಒಳಗೆ ಹುಡುಗರು ವೆಲ್ಡಿಂಗ್ ನಿಲ್ಲಿಸಿ ನೋಡುತ್ತಿದ್ದರು. ಅಷ್ಟು ಜೋರಾಗಿ ಕೂಗಿದ್ದೆ.

ಮುಂದಿನ ತಿಂಗಳ ಆರ್-1ಕ್ಕೆ ಹಾಕುತ್ತೇವೆ ಅಂತಲೂ ಒಮ್ಮೆ ಮೂಗಿಗೆ ತುಪ್ಪ ಸವರಿದರು. ಹಾಕಲಿಲ್ಲ. ಹಾಗೊಂದು ವೇಳೆ ಹಾಕಿದ್ದರೂ ಆಡಿಟರ್ ನೆಮ್ಮದಿಯ ಮಾತು ಹೇಳಲಿಲ್ಲ. ಐಆರ್‌ಎನ್ ತೆಗೆಯಬೇಕಾದವರು ತೆಗೆಯದೆ ಕೊಟ್ಟ ಬಿಲ್ಲನ್ನು ಬಿಲ್ ಅಂತಲೇ ಎಣಿಸುವುದಿಲ್ಲ ಎಂದು ಜಿಎಸ್‌ಟಿ ನಿಯಮ 48(5) ನೇರವಾಗಿ ಹೇಳುತ್ತದೆ. ಬಿಲ್ಲೇ ಅಲ್ಲದ ಕಾಗದದ ಮೇಲೆ ಇನ್‌ಪುಟ್ (ಕೊಂಡಾಗ ಕೊಟ್ಟ ಟ್ಯಾಕ್ಸನ್ನು ನಾವು ಕಟ್ಟಬೇಕಾದ ಟ್ಯಾಕ್ಸಿನಲ್ಲಿ ಕಳೆದುಕೊಳ್ಳುವುದು) ಎಲ್ಲಿಂದ ಬರಬೇಕು? 2022ರ ಜನವರಿಯಿಂದ 2ಬಿಯಲ್ಲಿ ಬಾರದ ಬಿಲ್‌ಗೆ ಇನ್‌ಪುಟ್ ಇಲ್ಲವೇ ಇಲ್ಲ. ಸುಮ್ನೆ ತೆಗೆದುಕೊಂಡು ಬಳಸಿದರೆ ಮುಂದೆ ನೋಟಿಸ್ ಬಂದಾಗ ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಸೇರಿಸಿ ಕಟ್ಟಬೇಕು. ಬೇಡ ಅಂದೆ. ಜುಲೈ 20ಕ್ಕೆ 1,04,400 ಕೈಯಿಂದ ಕಟ್ಟಿದೆ. ಹುಡುಗರ ಬಟವಾಡೆಗೆ ಅಂತ ಎತ್ತಿಟ್ಟಿದ್ದ ದುಡ್ಡು ಅದು. ಆ ತಿಂಗಳು ಅವರಿಗೆ ಎರಡು ಕಂತಿನಲ್ಲಿ ಕೊಟ್ಟೆ. ಯಾರೂ ಏನೂ ಅನ್ನಲಿಲ್ಲ, ಅದೇ ಹೆಚ್ಚು ನೋವಾಯಿತು.

ಕೆಜಿಗೆ ಒಂದು ರೂಪಾಯಿ, ಹತ್ತು ಸಾವಿರ ಉಳಿಸಲು ಹೋಗಿದ್ದೆ.

ಈಗ ನಮ್ಮಲ್ಲಿ ಲೋಡ್ ಬಂದರೆ ಮೊದಲ ಕೆಲಸ ಆ ಆ್ಯಪ್‌ನಲ್ಲಿ ಕ್ಯೂಆರ್ ಹಿಡಿಯುವುದು. ಸಹಿ ಅಸಲಿ ಅಂತ ಬಂದರೆ ಸಾಲದು. ಒಳಗೆ ಬರುವ ಬಿಲ್ ನಂಬರ್, ದಿನಾಂಕ, ಮೊತ್ತ, ನಮ್ಮ ಜಿಎಸ್‌ಟಿ ನಂಬರ್ ಇವನ್ನು ಕಾಗದದ ಜೊತೆ ಒಂದೊಂದಾಗಿ ತಾಳೆ ನೋಡಿ. ಅಕ್ನಾಲೆಜ್‌ಮೆಂಟ್ ದಿನಾಂಕ ಓದಿ, ದಯವಿಟ್ಟು ಓದಿ. ಐಆರ್‌ಎನ್ ತೆಗೆದವರು 24 ಗಂಟೆಯೊಳಗೆ ಕ್ಯಾನ್ಸಲ್ ಮಾಡಬಹುದು, ಕಾಗದದ ಮೇಲಿನ ಕ್ಯೂಆರ್ ಮಾತ್ರ ಹಾಗೇ ಇರುತ್ತದೆ. ಅದಕ್ಕೇ ಎರಡು ದಿನ ಬಿಟ್ಟು ಇ-ಇನ್ವಾಯ್ಸ್ ಪೋರ್ಟಲ್‌ನಲ್ಲಿ ಐಆರ್‌ಎನ್ ಹಾಕಿ ಇನ್ನೊಮ್ಮೆ ನೋಡಿ. ನಿಮ್ಮ ಜಿಎಸ್‌ಟಿ ಲಾಗಿನ್‌ನಲ್ಲಿ ಹೋದರೆ ನಿಮ್ಮ ಹೆಸರಿಗೆ ಬಂದ ಇ-ಇನ್ವಾಯ್ಸ್‌ಗಳ ಪಟ್ಟಿಯೂ ಸಿಗುತ್ತದೆ, 2ಬಿಗೆ ಕಾಯಬೇಕಿಲ್ಲ.

ಮತ್ತೆ ಟ್ಯಾಕ್ಸ್ ದುಡ್ಡು ಹಿಡಿದುಕೊಳ್ಳಿ. ಮಾಲಿನ ದುಡ್ಡು ಕೊಡಿ, ಟ್ಯಾಕ್ಸ್ 2ಬಿಯಲ್ಲಿ ಬಂದ ಮೇಲೆ ಅಂತ ಮೊದಲೇ ಹೇಳಿ. ಬಿಲ್ ಆಗಿ 180 ದಿನದೊಳಗೆ ಪೂರ್ತಿ ಕೊಟ್ಟರೆ ಇನ್‌ಪುಟ್‌ಗೆ ತೊಂದರೆಯಿಲ್ಲ. ಹೊಸ ವ್ಯಾಪಾರಿ ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ನಾನು ಮೊದಲ ಲೋಡ್ ಚೆನ್ನಾಗಿತ್ತು ಅನ್ನುವ ದಾಕ್ಷಿಣ್ಯಕ್ಕೆ ಬಾಯಿ ಬಿಡಲಿಲ್ಲ.

ತೆರಿಗೆ ಇಲಾಖೆಗೆ ದೂರು ಕೊಟ್ಟಿದ್ದೇನೆ. ಎರಡೂ ಬಿಲ್, ಆ್ಯಪ್ ತೋರಿಸಿದ್ದರ ಫೋಟೋ, ವಾಟ್ಸ್ಯಾಪ್ ಮಾತು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಲಗತ್ತಿಸಿದ್ದೇನೆ. ದುಡ್ಡು ಬರುತ್ತದೋ ಇಲ್ಲವೋ ಹೇಳಲಾರೆ.

ನಿನ್ನೆ ಅದೇ ಟ್ರೇಡರ್ ನಂಬರ್‌ನಿಂದ ರೇಟ್ ಲಿಸ್ಟ್ ಬಂದಿದೆ, ಎಲ್ಲರಿಗೂ ಒಟ್ಟಿಗೆ ಕಳಿಸುವ ಮೆಸೇಜು. ಎಚ್‌ಆರ್ ಶೀಟ್, ಪೂರ್ತಿ ಪೇಮೆಂಟ್ ಮಾಡಿದರೆ ಕೆಜಿಗೆ ಒಂದು ರೂಪಾಯಿ ಕಡಿಮೆ. ನನಗೆ ಬಂದಿದೆ ಅಂದರೆ ಇನ್ನೂ ಎಷ್ಟೋ ಜನಕ್ಕೆ ಹೋಗಿದೆ, ಅದಕ್ಕೇ ನಾಚಿಕೆ ಬಿಟ್ಟು ಇದನ್ನು ಬರೆಯಲು ಕುಳಿತೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯವರು ಯಾರಾದರೂ ಬೆಂಗಳೂರಿನ ಹೊಸ ಟ್ರೇಡರ್ ಹತ್ತಿರ ಎರಡನೇ ಲೋಡ್ ತರಿಸಿದ್ದರೆ, ಈಗಲೇ ಫೈಲ್ ತೆಗೆದು ಎರಡೂ ಬಿಲ್ಲಿನ ಐಆರ್‌ಎನ್ ಅಕ್ಕಪಕ್ಕ ಇಟ್ಟು ನೋಡಿ. ಒಂದೇ ಇದ್ದರೆ ನನಗೆ ಮೆಸೇಜ್ ಮಾಡಿ. ಒಬ್ಬನ ದೂರಿಗಿಂತ ನಾಲ್ಕು ಜನ ಸೇರಿ ಕೊಟ್ಟ ದೂರಿಗೆ ತೂಕ ಜಾಸ್ತಿ.