ಸೌದಿಗೆ ಮುಖ್ತ್ಯಾರ ಪತ್ರ: ಕಲಬುರಗಿ ಕೋರ್ಟ್ ಹತ್ತಿರದ ನೋಟರಿ ಬಗ್ಗೆ ನನ್ನ ಅನುಭವ

ವಿದೇಶಕ್ಕೆ ಕಳಿಸುವ ಪವರ್ ಆಫ್ ಅಟಾರ್ನಿ ಮಾಡಿಸಬೇಕು ಅಂತ ಕಲಬುರಗಿಯಲ್ಲಿ ಓಡಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೋರ್ಟ್ ಹತ್ತಿರ ಕೂರುವ ಒಬ್ಬ ಹಿರಿಯ ನೋಟರಿ ನಮ್ಮ ಕೆಲಸ ಮಾಡಿಕೊಟ್ಟರು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಅಪ್ಪ ಜೆಡ್ಡಾದಲ್ಲಿ 19 ವರ್ಷ ಟ್ರೇಲರ್ ಓಡಿಸಿದವರು. ಮಂಡಿ ನೋವು ಜಾಸ್ತಿಯಾಗಿ ವಾಪಸ್ ಬಂದರು, ಹಿಸಾಬ್ ಮಾತ್ರ ಅಲ್ಲೇ ಉಳಿಯಿತು. ಕೆಲಸ ಬಿಟ್ಟಾಗ ಬರಬೇಕಾದ ಸರ್ವಿಸ್ ಹಣಕ್ಕೆ ಅಲ್ಲಿರುವ ನಮ್ಮವರು ಹಿಸಾಬ್ ಅಂತಲೇ ಹೇಳುತ್ತಾರೆ. ಕಾಕಾನ ಮಗ ಅಲ್ಲೇ ಇದ್ದಾನೆ. ಅವನಿಗೆ ಅಧಿಕಾರ ಬರೆದುಕೊಟ್ಟರೆ ಅವನೇ ಇಸ್ಕೊಂಡು ಕಳಿಸುತ್ತಾನೆ. ಇಲ್ಲಿಯ ಹಳಬರು ಇದಕ್ಕೆ ಮುಖ್ತ್ಯಾರ ಪತ್ರ ಅನ್ನುತ್ತಾರೆ, ಅಲ್ಲಿ ವಕಾಲಾ.

ನಾವು ಮೊದಲು ಹೋಗಿದ್ದು ಒಬ್ಬ ಏಜೆಂಟ್ ಹತ್ತಿರ. "ಹಿರಿಯರ್ನ ಕರಕೊಂಡು ಬರೋದು ಬ್ಯಾಡ್ರಿ, ಸಹಿ ಹಾಕಿಸಿ ಕೊಡ್ರಿ ಸಾಕು" ಅಂದ. ನೋಡದೇ ಇರುವ ಮನುಷ್ಯನ ಸಹಿಯನ್ನು ನೋಟರಿ ದೃಢೀಕರಿಸುವುದು ಹೇಗೆ? ಅಲ್ಲೇ ನನಗೆ ಅನುಮಾನ ಬಂತು. ಕೇಳಿದ್ದು 16 ಸಾವಿರ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ದೆಹಲಿಯ ಸೌದಿ ರಾಯಭಾರ ಕಚೇರಿಯ ಮುದ್ರೆಗೆ ಅಂತ. ಅದು ಬೇಕಾಗೇ ಇರಲಿಲ್ಲ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಅಪೊಸ್ಟಿಲ್ (ಕಾಗದದ ಮೇಲಿನ ಸಹಿ, ಮುದ್ರೆ ಅಸಲಿ ಅಂತ ಕಾಗದ ಕೊಟ್ಟ ದೇಶದ ಸರ್ಕಾರ ಮಾಡುವ ದೃಢೀಕರಣ) ಇದ್ದರೆ ರಾಯಭಾರ ಕಚೇರಿಗೆ ಹೋಗುವ ಕೆಲಸ ಇಲ್ಲ. ಭಾರತದಲ್ಲಿ ಅದು 2005ರಿಂದ ಇದೆ, ಸೌದಿಯಲ್ಲಿ 2022ರ ಡಿಸೆಂಬರ್ 7ರಿಂದ ಜಾರಿಗೆ ಬಂದಿದೆ. ಒಮಾನ್, ಬಹ್ರೇನ್ ಅದಕ್ಕೂ ಮೊದಲೇ ಸೇರಿವೆ. ಸೌದಿಯ ಹಳೇ ನಿಯಮವನ್ನೇ ಹೇಳಿ ಇವತ್ತಿಗೂ ದುಡ್ಡು ಕೀಳುತ್ತಾರೆ, ಅದೂ ಬಿಸಿಲಲ್ಲಿ ದುಡಿದು ಬಂದವರ ಹತ್ತಿರ. ನನಗೆ ನಿಜವಾಗಲೂ ಸಿಟ್ಟು ಬಂದಿದ್ದು ಇದಕ್ಕೆ.

ಆಮೇಲೆ ಈ ನೋಟರಿ ಹತ್ತಿರ ಹೋದೆವು. ಇವರು ಅಪ್ಪನನ್ನು ಎದುರಿಗೆ ಕೂರಿಸಿಕೊಂಡು, ಇಂಗ್ಲಿಷಿನಲ್ಲಿದ್ದ ಕರಡನ್ನು ಒಂದೊಂದೇ ಸಾಲು ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದರು. "ಯಜಮಾನ್ರೇ, ತಿಳೀಲಿಲ್ಲ ಅಂದ್ರ ಸಹಿ ಮಾಡಬ್ಯಾಡ್ರಿ" ಅಂತ ಎರಡು ಸಲ ಅಂದರು. ನಾವು ತಂದಿದ್ದ ಕರಡಿನಲ್ಲಿ ಆಸ್ತಿ, ಬ್ಯಾಂಕ್, ಕೋರ್ಟ್ ಎಲ್ಲಾ ಅಧಿಕಾರವೂ ತುಂಬಿತ್ತು. ಅದನ್ನೆಲ್ಲ ಹೊಡೆದುಹಾಕಿ, ಇಂಥ ಕಂಪನಿಯಿಂದ ಬಾಕಿ ಹಣ ಪಡೆಯಲು, ಅದಕ್ಕಾಗಿ ಕಾರ್ಮಿಕ ಕಚೇರಿಗೆ ಹಾಜರಾಗಲು, ಅಷ್ಟೇ ಅಂತ ಬರೆಸಿದರು. ಕಾಕಾನ ಮಗನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಬೇಡದ ಅಧಿಕಾರ ಯಾಕೆ ಕೊಡಬೇಕು ಅಲ್ವಾ?

ಇನ್ನೊಂದು ವಿಷಯ ನಮ್ಮ ತಲೆಗೇ ಹೊಳೆದಿರಲಿಲ್ಲ. ಅಪ್ಪನ ಹಳೇ ಪಾಸ್‌ಪೋರ್ಟಿನಲ್ಲಿ ಹುಟ್ಟೂರು ಗುಲ್ಬರ್ಗಾ ಅಂತಿದೆ, ಆಧಾರ್‌ನಲ್ಲಿ ಕಲಬುರಗಿ. ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ, ಅದು ಜೆಡ್ಡಾದ ಕೌಂಟರಿನಲ್ಲಿ ಕೂತವನಿಗೆ ಏನು ಗೊತ್ತು? ಎರಡೂ ಒಂದೇ ಊರು ಅಂತ ಪತ್ರದೊಳಗೇ ಒಂದು ಸಾಲು ಸೇರಿಸಿದರು. ಅಪ್ಪನ ಇಕಾಮಾ, ಅಂದರೆ ಸೌದಿಯಲ್ಲಿ ಇರಲು ಕೊಡುವ ಪರವಾನಗಿ, ಅದರ ನಂಬರನ್ನೂ ಹಾಕಿಸಿದರು. ಅಪ್ಪನ ಕೈ ನಡುಗುತ್ತದೆ. ಪೆನ್ನು ಕೊಟ್ಟು, ಕಾಗದದ ಮೂಲೆಯನ್ನು ತಾವೇ ಹಿಡಿದುಕೊಂಡು, ಪ್ರತಿ ಪುಟಕ್ಕೂ ನಿಧಾನವಾಗಿ ಸಹಿ ಹಾಕಿಸಿದರು. ಆಮೇಲೆ ತಮ್ಮ ರಿಜಿಸ್ಟರಿನಲ್ಲಿ ಬರೆದು ಅಲ್ಲೂ ಹಾಕಿಸಿಕೊಂಡರು.

ನೋಟರಿ ಮುದ್ರೆ ಬಿದ್ದ ಮಾತ್ರಕ್ಕೆ ವಿದೇಶದಲ್ಲಿ ನಡೆಯಲ್ಲ, ಇದು ನೆನಪಿರಲಿ. ಅದರ ಮೇಲೆ ರಾಜ್ಯ ಸರ್ಕಾರದ ದೃಢೀಕರಣ ಆಗಬೇಕು, ಅದಕ್ಕೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆ. ನಂತರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್. ಸಚಿವಾಲಯ ಜನರಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದಿಲ್ಲ, ಅವರು ನೇಮಿಸಿದ ಏಜೆನ್ಸಿಯ ಕೇಂದ್ರಕ್ಕೇ ಕೊಡಬೇಕು. ಸರ್ಕಾರದ ಶುಲ್ಕ ಒಂದು ದಾಖಲೆಗೆ ಬರೀ 50 ರೂಪಾಯಿ, ಏಜೆನ್ಸಿ ಚಾರ್ಜು ಬೇರೆ. ಅಪೊಸ್ಟಿಲ್ ಅಂದರೆ ಕಾಗದಕ್ಕೆ ಅಂಟಿಸುವ ಒಂದು ಸ್ಟಿಕರ್. ಅದರ ಮೇಲೊಂದು ನಂಬರ್ ಇರುತ್ತದೆ, ಆನ್‌ಲೈನಿನಲ್ಲಿ ಹಾಕಿ ನೋಡಿಕೊಳ್ಳಬಹುದು. ನಾನು ಕೌಂಟರ್ ಬಿಡುವ ಮೊದಲೇ ಹಾಕಿ ನೋಡಿದೆ. ಅರಬ್ಬಿ ಅನುವಾದವನ್ನು ಅಲ್ಲಿಯ ಲೈಸೆನ್ಸ್ ಇರುವ ಅನುವಾದಕರ ಹತ್ತಿರವೇ ಕಾಕಾನ ಮಗ ಮಾಡಿಸಿದ.

ಇನ್ನು ಆ ಅರ್ಧ ಅಂಕ ಯಾಕೆ ಕಳೆದೆ ಅಂದರೆ, ನೋಟರಿ ಹತ್ತಿರ ಕೂರಲು ಜಾಗವೇ ಇಲ್ಲ. ಬೆಳಿಗ್ಗೆ ಕೋರ್ಟ್ ಶುರುವಾಗುವ ಹೊತ್ತಿಗೆ ಹೋಗಿ, ಮಂಡಿ ನೋವಿನ ಅಪ್ಪ ಒಂದೂವರೆ ತಾಸು ನಿಂತೇ ಇದ್ದರು. ಒಂದು ಬೆಂಚು ಹಾಕಿಸಿ ಅಂತ ಅವರಿಗೇ ಹೇಳಿ ಬಂದಿದ್ದೇನೆ. ವಯಸ್ಸಾದವರನ್ನು ಕರೆದೊಯ್ಯುವವರು ಊಟದ ನಂತರ ಹೋಗಿ, ಮೂರು ಗಂಟೆ ಮೇಲೆ ಜನ ಕಡಿಮೆ. ಒರಿಜಿನಲ್ ಪಾಸ್‌ಪೋರ್ಟ್ ಮರೆಯಬೇಡಿ, ಜೆರಾಕ್ಸ್ ತೋರಿಸಿದರೆ ಅವರು ವಾಪಸ್ ಕಳಿಸುತ್ತಾರೆ.