ಖಿನ್ನತೆಯ ಮಾತ್ರೆ ಮಿತಿಮೀರಿದಾಗ ಹೃದಯ ಕಾಯ್ದ ತುರ್ತು ವಿಭಾಗದ ಸೇವೆ

ಅಮಿಟ್ರಿಪ್ಟಿಲಿನ್ ಎಂಬ ಖಿನ್ನತೆಯ ಮಾತ್ರೆಗಳನ್ನು ಮಿತಿಮೀರಿ ನುಂಗಿದ್ದ ನಮ್ಮ ಸೋದರತ್ತೆಯವರಿಗೆ ಚಿಕಿತ್ಸೆ ನೀಡಿದ ಆಸ್ಪತ್ರೆಯ ತುರ್ತು ವಿಭಾಗ ಮತ್ತು ತೀವ್ರ ನಿಗಾ ಘಟಕದ ಬಗ್ಗೆ ನನ್ನ ಅಭಿಪ್ರಾಯವಿದು. ರೋಗಿ ಎದ್ದು ಕುಳಿತು ಮಾತನಾಡುತ್ತಿರುವಾಗಲೂ ಅವರ ಹೃದಯದ ಮೇಲೆ ವೈದ್ಯರ ಕಣ್ಣಿರಬೇಕು. ಈ ಸೇವೆಯ ಯೋಗ್ಯತೆ ತಿಳಿಯುವುದು ಅಲ್ಲಿಯೇ.

ಟ್ರೈಸೈಕ್ಲಿಕ್ ಗುಂಪಿನ ಈ ಔಷಧಗಳು ಅತಿಯಾದರೆ ಹೃದಯದ ಸ್ನಾಯುಗಳಲ್ಲಿರುವ ಸೋಡಿಯಂ ಹಾದಿಗಳನ್ನು ತಡೆಯುತ್ತವೆ. ಆಗ ವಿದ್ಯುತ್ ಸಂಕೇತ ನಿಧಾನವಾಗಿ ಹರಡಿ, ಇಸಿಜಿಯಲ್ಲಿ ಕ್ಯೂಆರ್‌ಎಸ್ ಎಂಬ ಭಾಗ ಅಗಲವಾಗುತ್ತದೆ. ಅದು 100 ಮಿಲಿಸೆಕೆಂಡ್ ದಾಟಿದರೆ ಫಿಟ್ಸ್ ಬರುವ ಭಯ, 160 ದಾಟಿದರೆ ಹೃದಯದ ಲಯವೇ ತಪ್ಪುವ ಭಯ. ಅತ್ತೆಯವರು ಸ್ವಲ್ಪ ತೊದಲುತ್ತಿದ್ದರೇ ಹೊರತು ಎಚ್ಚರವಾಗಿಯೇ ಇದ್ದರು. ಆದರೂ ಕರ್ತವ್ಯದಲ್ಲಿದ್ದ ವೈದ್ಯೆ ದಾಖಲಾತಿಯ ಕಾಗದಪತ್ರಗಳಿಗೆ ಕಾಯದೆ ಇಸಿಜಿ ತೆಗೆಸಿದರು, ಪಟ್ಟಿಯ ಮೇಲೆ ಪೆನ್ನಿನಿಂದ ಆ ಅಗಲವನ್ನು ಗುರುತು ಹಾಕಿ, ಕೂಡಲೇ ಸೋಡಿಯಂ ಬೈಕಾರ್ಬನೇಟನ್ನು ರಕ್ತನಾಳದ ಮೂಲಕ ಕೊಟ್ಟರು. ಅದರಲ್ಲಿರುವ ಸೋಡಿಯಂ ತಡೆಯನ್ನು ಮೀರಲು ನೆರವಾಗುತ್ತದೆ, ರಕ್ತ ತುಸು ಕ್ಷಾರೀಯವಾದಾಗ ಔಷಧದ ಹಿಡಿತವೂ ಸಡಿಲುತ್ತದೆ. ಸ್ವಲ್ಪ ಹೊತ್ತಿನ ನಂತರ ತೆಗೆದ ಪಟ್ಟಿಯನ್ನು ಮೊದಲನೆಯದರ ಪಕ್ಕದಲ್ಲಿಟ್ಟು ತೋರಿಸಿದಾಗ, ಅಗಲ ಕುಗ್ಗಿದ್ದು ನನ್ನ ಕಣ್ಣಿಗೂ ಕಂಡಿತು.

ರಕ್ತದ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.45ರಿಂದ 7.55ರ ನಡುವೆ ಇರುವಂತೆ ನೋಡಿಕೊಂಡರು. ಈ ಚಿಕಿತ್ಸೆಯಲ್ಲಿ ಪೊಟ್ಯಾಸಿಯಂ ಇಳಿಯುವುದರಿಂದ ಅದನ್ನೂ ಮತ್ತೆ ಮತ್ತೆ ಪರೀಕ್ಷಿಸಿದರು. ರಕ್ತದೊತ್ತಡ ಕುಸಿದಾಗ ದ್ರವ ಕೊಟ್ಟು, ಅದು ಸಾಲದಾದಾಗ ರಕ್ತದೊತ್ತಡ ಏರಿಸುವ ನಾರ್‌ಎಪಿನೆಫ್ರಿನ್ ಆರಂಭಿಸಿದರು. ವಾಂತಿ ಮಾಡಿಸುವ ಗೋಜಿಗೆ ಯಾರೂ ಹೋಗಲಿಲ್ಲ, ಅದೇ ಸರಿ: ರೋಗಿ ಇದ್ದಕ್ಕಿದ್ದಂತೆ ಎಚ್ಚರ ತಪ್ಪಿದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಯಾವ ಮಾತ್ರೆ ಎಂದು ಪದೇ ಪದೇ ಕೇಳಿದ್ದೂ ಮೆಚ್ಚಬೇಕಾದದ್ದೇ. ಎಸಿಟಾಲೋಪ್ರಾಮ್‌ನಂತಹ ಬೇರೆ ಗುಂಪಿನ ಖಿನ್ನತೆಯ ಮಾತ್ರೆಯಾಗಿದ್ದರೆ ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಉದ್ದವಾಗುವುದನ್ನು ಗಮನಿಸಬೇಕಾಗುತ್ತಿತ್ತು, ಲಯ ತಪ್ಪಿದಾಗ ಮೆಗ್ನೀಸಿಯಂ ಬೇಕಾಗುತ್ತಿತ್ತು.

ಕೊರತೆ ಇದ್ದದ್ದು ಮನೆಯವರಿಗೆ ಮಾಹಿತಿ ಕೊಡುವುದರಲ್ಲಿ. ನಿಗಾ ಘಟಕಕ್ಕೆ ಸಾಗಿಸಿದ ಮೇಲೆ ರಾತ್ರಿಯಿಡೀ ಬಾಗಿಲ ಹೊರಗೆ ಕುಳಿತಿದ್ದ ನಮಗೆ ಯಾರೂ ಒಂದು ಮಾತು ಹೇಳಲಿಲ್ಲ. ಬೆಳಗಿನ ಪಾಳಿಯ ದಾದಿ ಬರುವವರೆಗೂ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು. ಚಿಕಿತ್ಸೆಯಲ್ಲಿ ಅಷ್ಟು ಎಚ್ಚರ ವಹಿಸುವವರು ಇದನ್ನು ತಿದ್ದಿಕೊಳ್ಳುವುದು ಕಷ್ಟವಲ್ಲ.

ಇಸಿಜಿ ಸಹಜವಾದ ಮಾತ್ರಕ್ಕೆ ಮನೆಗೆ ಕಳುಹಿಸದೆ, ಮನೋವೈದ್ಯರು ಬಂದು ಅತ್ತೆಯವರೊಡನೆ ಒಬ್ಬರೇ ಕುಳಿತು ಮಾತನಾಡಿದರು, ಔಷಧ ಬದಲಿಸಿದರು, ಒಮ್ಮೆಗೆ ಸ್ವಲ್ಪವೇ ಮಾತ್ರೆ ಕೊಡುವಂತೆ ಚೀಟಿಯಲ್ಲಿ ಬರೆದರು. ಇಂತಹ ಪರಿಸ್ಥಿತಿಯಲ್ಲಿ ಈ ವಿಭಾಗಕ್ಕೆ ಹೋಗಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಹೋಗುವಾಗ ಖಾಲಿಯಾದ ಮಾತ್ರೆ ಪಟ್ಟಿಗಳನ್ನು ತಪ್ಪದೆ ಜೊತೆಗೆ ಒಯ್ಯಿರಿ.